'ಪಾರ್ಟಿ ಒಳ್ಳೆಯವರು, ಉದ್ರಿ ಕೊಡಿ' ಅನ್ನೋ ಮುಂಚೆ ಇದನ್ನು ಓದಿ

ಕೆಲವು ವರ್ಷದ ಹಿಂದಿನ ಮಾತು. ಏಲಕ್ಕಿ ಬಾಳೆ ಕಟಾವು ನಡೀತಿತ್ತು. ಪಕ್ಕದ ಊರಿನ ಹುಡುಗನೊಬ್ಬ ವಾಟ್ಸಾಪ್‌ನಲ್ಲಿ ಕೇಳಿದ: "ಅಣ್ಣಾ, ನೀವು ಮಾಲು ಕೊಡೋ ಪಾರ್ಟಿ ನಮ್ಮ ತೋಟಕ್ಕೂ ಬಂದಿದ್ರು. ಹದಿನೈದು ದಿನದ ಉದ್ರಿ ಕೇಳ್ತಿದಾರೆ. ಕೊಡಬಹುದಾ?"

ನಾನು ಗೊನೆ ತೂಕ ಹಾಕಿಸ್ತಾ ನಿಂತಿದ್ದೆ. ಜಾಸ್ತಿ ಯೋಚನೆ ಮಾಡದೆ ಒಂದು ವಾಯ್ಸ್ ಮೆಸೇಜ್ ಹಾಕಿದೆ: "ಕಣ್ಣು ಮುಚ್ಕೊಂಡು ಕೊಡಪ್ಪ. ನಂಗೆ ಎರಡು ವರ್ಷದಿಂದ ಕರೆಕ್ಟಾಗಿ ದುಡ್ಡು ಬರ್ತಿದೆ."

ಎರಡು ವರ್ಷದಿಂದ ವ್ಯಾಪಾರ ಇದ್ದದ್ದು ನಿಜ. ಆದರೆ ಅವತ್ತು ಅದೇ ಪಾರ್ಟಿಯಿಂದ ನನಗೆ 38 ಸಾವಿರ ಬರಬೇಕಿತ್ತು, ಅದೂ ಎರಡು ತಿಂಗಳಿಂದ. ಅದನ್ನು ನಾನು ಹೇಳಲಿಲ್ಲ. ಮನಸ್ಸಿನ ಮೂಲೆಯಲ್ಲಿ ಒಂದು ಲೆಕ್ಕಾಚಾರವೂ ಇತ್ತು ಅಂತ ಈಗ ಒಪ್ಪಿಕೊಳ್ತೀನಿ. ಅವರಿಗೆ ಇನ್ನೊಂದು ತೋಟದ ಮಾಲು ಸಿಕ್ಕಿ ಕೈಯಲ್ಲಿ ದುಡ್ಡು ಓಡಾಡಿದರೆ, ನನ್ನ ಬಾಕಿ ಬೇಗ ಬರಬಹುದು ಅಂತ.

ಹುಡುಗ ಎರಡು ಲೋಡ್ ಕೊಟ್ಟ. 64 ಸಾವಿರ. ಚೆಕ್ ಬೌನ್ಸ್ ಆಯ್ತು, ಆಮೇಲೆ ಪಾರ್ಟಿಯ ಫೋನ್ ಸ್ವಿಚ್ ಆಫ್. ಒಂದು ಸಂಜೆ ಅವನು ನಮ್ಮ ಮನೆಗೆ ಬಂದ. ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದ: "ನಾನು ಕೇಳಿದಾಗ ನಿಮಗೂ ಬಾಕಿ ಇತ್ತಾ ಅಣ್ಣಾ?"

ಆಮೇಲೆ ವಕೀಲರಾಗಿರುವ ಸ್ನೇಹಿತರೊಬ್ಬರ ಹತ್ತಿರ ಈ ವಿಷಯ ಮಾತಾಡಿದೆ. ಅವರು ಹೇಳಿದ್ದಿಷ್ಟು: "ಆ ಹುಡುಗ ಕೇಳಿದ್ದನ್ನೇ ಕೋರ್ಟೂ ಕೇಳುತ್ತೆ. ಹೇಳಿದಾಗ ನಿನಗೆ ಏನು ಗೊತ್ತಿತ್ತು?" ಈ ವಾರದ ಲೇಖನ ಆ ಪ್ರಶ್ನೆಯ ಬಗ್ಗೆ. ನಾವು ಸುಲಭವಾಗಿ ಕೊಡುವ 'ಒಳ್ಳೆ ಮಾತು' ಯಾವಾಗ ಬರೀ ಮಾತಾಗಿರುತ್ತೆ, ಯಾವಾಗ ನಮ್ಮ ತಲೆ ಮೇಲೆ ಬರುತ್ತೆ ಅಂತ ನೋಡೋಣ.

ನಾವು ದಿನಾ ಕೊಡ್ತಿರೋ ಶಿಫಾರಸುಗಳು

ಒಬ್ಬರಿಗೆ ಉದ್ರಿ ಕೊಡಬಹುದಾ ಅಂತ ಮೂರನೆಯವರು ಕೇಳಿದಾಗ ನಾವು ಹೇಳೋ ಮಾತೆಲ್ಲ ಇದಕ್ಕೆ ಸೇರುತ್ತೆ. ಬ್ಯಾಂಕ್‌ನವರು, ದೊಡ್ಡ ಕಂಪನಿಯವರು ಮಾತ್ರ ಕೊಡೋದು ಅಂತ ಅಂದುಕೊಳ್ಳಬೇಡಿ.

- ಗೊಬ್ಬರದ ಅಂಗಡಿಯವರು ಫೋನ್ ಮಾಡಿ, "ನಿಮ್ಮೂರಿನ ಇಂಥವರು ಸೀಸನ್ ಉದ್ರಿ ಕೇಳ್ತಿದಾರೆ, ಪಾರ್ಟಿ ಹೆಂಗೆ?" ಅಂತಾರೆ.
- ನರ್ಸರಿಯವರು ಐದು ಸಾವಿರ ಸಸಿ ಸಾಲವಾಗಿ ಕೊಡೋ ಮುಂಚೆ ನಿಮ್ಮನ್ನು ವಿಚಾರಿಸ್ತಾರೆ.
- ರೈತರ ಗ್ರೂಪ್‌ನಲ್ಲಿ ಯಾರೋ ಒಬ್ಬ ವ್ಯಾಪಾರಿಯ ನಂಬರ್ ಹಾಕಿ "ಪೇಮೆಂಟ್ ಹೆಂಗೆ?" ಅಂತ ಕೇಳ್ತಾರೆ.
- ರೈತ ಉತ್ಪಾದಕರ ಕಂಪನಿಯ ಡೈರೆಕ್ಟರ್ ಆಗಿರ್ತೀರಿ. ಸದಸ್ಯರೊಬ್ಬರು "ನಮ್ಮ ಜೊತೆ ವರ್ಷಕ್ಕೆ ಇಷ್ಟು ವ್ಯವಹಾರ ಇದೆ ಅಂತ ಒಂದು ಲೆಟರ್ ಕೊಡಿ" ಅಂತಾರೆ.

ನಾಲ್ಕರಲ್ಲೂ ನಿಮ್ಮ ಮಾತು ನಂಬಿ ಇನ್ನೊಬ್ಬರು ದುಡ್ಡು ಅಥವಾ ಮಾಲು ಕೈ ಬಿಡ್ತಾರೆ.

ಹದಿನಾರು ಚೀಲದ ಕೇಸು

ಈ ವಿಷಯದ ಕಾನೂನಿಗೆ ಬುನಾದಿ ಹಾಕಿದ್ದು ಇಂಗ್ಲೆಂಡಿನ ಒಂದು ಹಳೇ ಕೇಸು: ಪ್ಯಾಸ್ಲಿ ಮತ್ತು ಫ್ರೀಮನ್, 1789. ಮಾಲು ಏನು ಗೊತ್ತಾ? ಪಾಪಸುಕಳ್ಳಿ ಮೇಲೆ ಬೆಳೆಯುವ ಕೊಚಿನೀಲ್ ಹುಳು. ಅದನ್ನು ಒಣಗಿಸಿದರೆ ಕೆಂಪು ಬಣ್ಣ ಸಿಗುತ್ತೆ. ಆ ಕಾಲಕ್ಕೆ ಬಲು ದುಬಾರಿ ಸರಕು.

ಪ್ಯಾಸ್ಲಿ ಅನ್ನೋ ವ್ಯಾಪಾರಿ ಫಾಲ್ಚ್ ಅನ್ನೋನಿಗೆ 16 ಚೀಲ ಉದ್ರಿ ಕೊಡಬೇಕಿತ್ತು. ಫ್ರೀಮನ್ ಅನ್ನೋ ಮೂರನೆಯವನು "ಫಾಲ್ಚ್‌ನ ನಂಬಬಹುದು" ಅಂತ ಭರವಸೆ ಕೊಟ್ಟ. ಆದರೆ ಅದು ಸುಳ್ಳು ಅಂತ ಅವನಿಗೆ ಗೊತ್ತಿತ್ತು ಅನ್ನೋದೇ ಕೇಸು. ಮಾಲಿನ ಬೆಲೆ 2,634 ಪೌಂಡ್‌ಗೂ ಜಾಸ್ತಿ. ದುಡ್ಡು ಬರಲಿಲ್ಲ.

ಫ್ರೀಮನ್ ಕಡೆಯ ವಾದ ನಾವು ನೀವು ಹೇಳೋ ಥರದ್ದೇ: "ನಾನು ಮಾಲು ತಗೊಂಡಿಲ್ಲ, ಕಮಿಷನ್ ತಿಂದಿಲ್ಲ, ಒಪ್ಪಂದದಲ್ಲಿ ನನ್ನ ಸಹಿ ಇಲ್ಲ. ನಾನ್ಯಾಕೆ ಕಟ್ಟಲಿ?" ನಾಲ್ಕು ನ್ಯಾಯಾಧೀಶರಲ್ಲಿ ಒಬ್ಬರು ಅವನ ಪರ ಇದ್ದರು. ಉಳಿದ ಮೂವರು ಒಪ್ಪಲಿಲ್ಲ. ಸುಳ್ಳು ಅಂತ ಗೊತ್ತಿದ್ದೂ ಹೇಳಿ, ಅದನ್ನು ನಂಬಿದವನಿಗೆ ನಷ್ಟ ಆಗಿದ್ದರೆ, ಹೇಳಿದವನಿಗೆ ಲಾಭ ಆಗಿಲ್ಲದಿದ್ದರೂ ಅವನು ಹೊಣೆ. ಇದು ಆ ತೀರ್ಪಿನ ಸಾರ.

ನಮ್ಮ ದೇಶದಲ್ಲೂ ಇಂಥ ಸಿವಿಲ್ ನಷ್ಟ ಪರಿಹಾರದ ವಿಷಯಕ್ಕೆ ಒಂದೇ ಕಾಯ್ದೆ ಅಂತ ಇಲ್ಲ. ಕೋರ್ಟ್‌ಗಳು ಹೆಚ್ಚಾಗಿ ಇಂಗ್ಲಿಷ್ ತೀರ್ಪುಗಳಿಂದ ಬಂದ ತತ್ವಗಳನ್ನೇ ನೋಡ್ತಾ ಬಂದಿವೆ. ಹಾಗಾಗಿ "ನನಗೇನೂ ಲಾಭ ಇರಲಿಲ್ಲ" ಅನ್ನೋ ಸಮಾಧಾನ ನಮ್ಮನ್ನು ಕಾಪಾಡುತ್ತೆ ಅಂತ ನಂಬಬೇಡಿ. ಇನ್ನು ನನ್ನ ವಿಷಯದಲ್ಲಿ ಲಾಭದ ಲೆಕ್ಕಾಚಾರವೂ ಇತ್ತು.

ಸುಳ್ಳಲ್ಲ, ಆದರೆ ವಿಚಾರಿಸದೆ ಹೇಳಿದ್ರೆ?

ಇದಕ್ಕೂ ಒಂದು ಹೆಸರಾಂತ ಕೇಸಿದೆ. ಹೆಡ್ಲಿ ಬರ್ನ್ ಮತ್ತು ಹೆಲ್ಲರ್, 1963. ಒಂದು ಜಾಹೀರಾತು ಏಜೆನ್ಸಿ ತನ್ನ ಗಿರಾಕಿ ಕಂಪನಿ ಪರವಾಗಿ ದೊಡ್ಡ ಮೊತ್ತದ ಜಾಹೀರಾತು ಬುಕ್ ಮಾಡಬೇಕಿತ್ತು. ಗಿರಾಕಿ ಕಟ್ಟದಿದ್ದರೆ ಏಜೆನ್ಸಿಯೇ ಕಟ್ಟಬೇಕು. ಅದಕ್ಕೇ ಆ ಗಿರಾಕಿಯ ಬ್ಯಾಂಕನ್ನು ವಿಚಾರಿಸಿದರು. ಬ್ಯಾಂಕು ಸಾಮಾನ್ಯ ವ್ಯವಹಾರಕ್ಕೆ ಪರವಾಗಿಲ್ಲ ಅನ್ನೋ ಅರ್ಥದಲ್ಲಿ ಉತ್ತರ ಕೊಟ್ಟಿತು. ಜೊತೆಗೆ "ಇದಕ್ಕೆ ನಮ್ಮ ಜವಾಬ್ದಾರಿ ಇಲ್ಲ" ಅಂತಲೂ ಬರೆಯಿತು. ಗಿರಾಕಿ ಕಂಪನಿ ಮುಳುಗಿತು. ಏಜೆನ್ಸಿಗೆ ಸುಮಾರು 17 ಸಾವಿರ ಪೌಂಡ್ ನಷ್ಟ.

ಕೋರ್ಟ್ ಎರಡು ವಿಷಯ ಹೇಳಿತು. ಒಂದು, ಮೋಸದ ಉದ್ದೇಶ ಇಲ್ಲದಿದ್ದರೂ, ತಿಳಿದವರು ಅಂತ ನಂಬಿ ಕೇಳಿದಾಗ ಬೇಜವಾಬ್ದಾರಿಯಿಂದ ತಪ್ಪು ಮಾಹಿತಿ ಕೊಟ್ಟರೆ ನಷ್ಟಕ್ಕೆ ಹೊಣೆಯಾಗಬೇಕಾಗಬಹುದು. ಎರಡು, ಈ ಕೇಸಿನಲ್ಲಿ ಬ್ಯಾಂಕು ಮೊದಲೇ "ನಮ್ಮ ಜವಾಬ್ದಾರಿ ಇಲ್ಲ" ಅಂತ ಹೇಳಿದ್ದರಿಂದ ಬಚಾವಾಯ್ತು.

ನಮಗೆ ಇದರಲ್ಲಿ ಪಾಠ ಇದೆ. ದಾರಿಯಲ್ಲಿ ಸಿಕ್ಕಾಗ ಟೀ ಕುಡೀತಾ ಆಡಿದ ಮಾತಿಗೂ, ವ್ಯವಹಾರಕ್ಕಂತಲೇ ಕೇಳಿದಾಗ ಕೊಟ್ಟ ಉತ್ತರಕ್ಕೂ ವ್ಯತ್ಯಾಸ ಇದೆ. ರೈತರ ಕಂಪನಿಯ ಡೈರೆಕ್ಟರ್, ಸೊಸೈಟಿ ಕಾರ್ಯದರ್ಶಿ, ಲೆಕ್ಕ ನೋಡೋರು ಹೇಳಿದ ಮಾತಿಗೆ ತೂಕ ಜಾಸ್ತಿ. ಲೆಟರ್‌ಹೆಡ್ ಮೇಲೆ ಬಂದ್ರೆ ಇನ್ನೂ ಜಾಸ್ತಿ. ಮತ್ತೆ, "ಜವಾಬ್ದಾರಿ ಇಲ್ಲ" ಅನ್ನೋ ಸಾಲು ಬೇಕಂತ ಹೇಳಿದ ಸುಳ್ಳಿಗೆ ರಕ್ಷಣೆ ಕೊಡಲ್ಲ.

ಅರ್ಧ ಸತ್ಯ: ನಾನು ಎಡವಿದ್ದು ಇಲ್ಲೇ

"ಎರಡು ವರ್ಷದಿಂದ ವ್ಯಾಪಾರ ಇದೆ" ಅಂದಿದ್ದು ನಿಜ. ಬಾಕಿ ಬಗ್ಗೆ ಸುಮ್ಮನಿದ್ದೆ ಅಷ್ಟೇ. ಸುಮ್ಮನಿರೋದು ತಪ್ಪಾ?

1872ರ ಭಾರತೀಯ ಕರಾರು ಕಾಯ್ದೆಯ ಸೆಕ್ಷನ್ 17 ಒಪ್ಪಂದ ಮಾಡಿಕೊಳ್ಳುವವರ ನಡುವಿನ ವಂಚನೆ ಬಗ್ಗೆ ಹೇಳುತ್ತೆ. ಬರೀ ಮೌನ ಸಾಮಾನ್ಯವಾಗಿ ವಂಚನೆ ಆಗಲ್ಲ. ಆದರೆ ಮಾತಾಡಲೇಬೇಕಾದ ಸಂದರ್ಭ ಇದ್ದರೆ, ಇಲ್ಲಾ ಮೌನವೇ ಮಾತಿಗೆ ಸಮ ಆಗಿದ್ದರೆ, ಅದು ವಂಚನೆ ಆಗಬಹುದು. ಅಲ್ಲೇ ಒಂದು ಕುದುರೆ ಉದಾಹರಣೆ ಇದೆ. ಕೊಳ್ಳುವವನು "ನೀನು ಅಲ್ಲ ಅನ್ನದಿದ್ರೆ ಕುದುರೆ ಚೆನ್ನಾಗಿದೆ ಅಂತ ತಿಳ್ಕೊಳ್ತೀನಿ" ಅಂತಾನೆ. ಮಾರುವವನು ಸುಮ್ಮನಿರ್ತಾನೆ. ಆ ಮೌನ ಮಾತಿಗೆ ಸಮ. ದನದ ಜಾತ್ರೆಯಲ್ಲಿ ಎತ್ತು ಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶಿಫಾರಸು ಕೊಡುವ ನಾವು ಮೂರನೆಯವರು, ಆದರೂ ತರ್ಕ ಇದೇ. ನಾನು ಸುಮ್ಮನೆ ಕೂತಿರಲಿಲ್ಲ. "ಕರೆಕ್ಟಾಗಿ ದುಡ್ಡು ಬರ್ತಿದೆ" ಅಂತ ಬಾಯಿ ಬಿಟ್ಟು ಹೇಳಿದ್ದೆ. ಒಂದು ಸಲ ಬಾಯಿ ಬಿಟ್ಟ ಮೇಲೆ, ಆ ಮಾತನ್ನೇ ಸುಳ್ಳು ಮಾಡುವ ಸಂಗತಿ ಮುಚ್ಚಿಡೋ ಹಾಗಿಲ್ಲ.

ಪೊಲೀಸ್ ಸ್ಟೇಷನ್‌ವರೆಗೂ ಹೋಗಬಹುದಾ?

ಹೋಗಬಹುದು, ಆದರೆ ಪ್ರತಿ ತಪ್ಪು ಮಾತಿಗೂ ಅಲ್ಲ. ನಾವೆಲ್ಲ '420' ಅಂತ ಕರೀತಿದ್ದ ವಂಚನೆ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 318ಕ್ಕೆ ಬಂದಿದೆ. ಅಪ್ರಾಮಾಣಿಕವಾಗಿ ಸಂಗತಿ ಮುಚ್ಚಿಡೋದೂ ಅಲ್ಲಿ ಮೋಸವೇ. ವಂಚಿಸಿ ಯಾರಿಂದಲಾದರೂ ಆಸ್ತಿ ಅಥವಾ ಮಾಲು ಕೈ ಬಿಡಿಸಿದರೆ ಏಳು ವರ್ಷದವರೆಗೆ ಶಿಕ್ಷೆ, ಜೊತೆಗೆ ದಂಡ.

ಇಲ್ಲಿ ಮುಖ್ಯ ಆಗೋದು ಉದ್ದೇಶ. ನೀವು ಪ್ರಾಮಾಣಿಕವಾಗಿ ನಂಬಿ ಹೇಳಿದಿರಿ, ಆಮೇಲೆ ಪಾರ್ಟಿ ಕೈ ಎತ್ತಿದರು ಅಂದ್ರೆ ಅಷ್ಟಕ್ಕೇ ನೀವು ವಂಚಕರಾಗಲ್ಲ. ಆದರೆ ಪಾರ್ಟಿ ಮುಳುಗ್ತಿದ್ದಾರೆ ಅಂತ ಗೊತ್ತಿದ್ದು, ಅವರ ಜೊತೆ ಮಾತಾಡಿಕೊಂಡು, ಬೇರೆಯವರ ಮಾಲು ಕೊಡಿಸಿದರೆ ಕಥೆ ಬೇರೆ.

ಕಾಗದದ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಸ್ನೇಹಿತನಿಗೆ ಸಾಲ ಸಿಗಲಿ ಅಂತ ಮಂಡಿಯವರ ಸೀಲ್ ಹಾಕಿ ನಾವೇ ಬಿಲ್ ಮಾಡೋದು, ಕಾರ್ಯದರ್ಶಿ ಸಹಿ ನಾವೇ ಗೀಚೋದು, ಬೇರೆಯವರ ಪೇಮೆಂಟ್ ಸ್ಕ್ರೀನ್‌ಶಾಟ್ ತಿದ್ದಿ ಕಳಿಸೋದು ಇವೆಲ್ಲ 'ಸಹಾಯ' ಅಲ್ಲ. ವಂಚಿಸೋ ಉದ್ದೇಶಕ್ಕೆ ನಕಲಿ ದಾಖಲೆ ಮಾಡಿದರೆ ಸೆಕ್ಷನ್ 336ರ ಕೆಳಗೆ ಏಳು ವರ್ಷದವರೆಗೆ ಶಿಕ್ಷೆ ಇದೆ. ಮೊಬೈಲ್‌ನಲ್ಲಿ ಮಾಡಿದ ಎಲೆಕ್ಟ್ರಾನಿಕ್ ದಾಖಲೆಗೂ ಇದು ಅನ್ವಯ.

"ವಾಟ್ಸಾಪ್ ಮಾತು ಕೋರ್ಟ್‌ನಲ್ಲಿ ನಡೆಯಲ್ಲ" ಅನ್ನೋದೂ ತಪ್ಪು ತಿಳುವಳಿಕೆ. ಸರಿಯಾದ ಪ್ರಮಾಣಪತ್ರದ ಜೊತೆ ಹಾಜರುಪಡಿಸಿದರೆ ಚಾಟ್, ವಾಯ್ಸ್ ಮೆಸೇಜ್ ಸಾಕ್ಷಿಯಾಗಬಹುದು. ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63 ಅದಕ್ಕೇ ಇರೋದು. ನನ್ನ ಆ ಎಂಟು ಸೆಕೆಂಡಿನ ವಾಯ್ಸ್ ಮೆಸೇಜ್ ಆ ಹುಡುಗನ ಫೋನಿನಲ್ಲಿ ಹಾಗೇ ಇತ್ತು.

'ನಾನಿದೀನಿ ಕೊಡಿ' ಅಂದ್ರೆ ಅದು ಜಾಮೀನು

"ಆತ ಒಳ್ಳೆಯವನು" ಅನ್ನೋದಕ್ಕೂ "ಆತ ಕೊಡದಿದ್ರೆ ನಾನು ಕೊಡ್ತೀನಿ" ಅನ್ನೋದಕ್ಕೂ ಭೂಮಿ ಆಕಾಶದಷ್ಟು ಅಂತರ. ಮೊದಲನೆಯದು ಅಭಿಪ್ರಾಯ. ಎರಡನೆಯದು ಜಾಮೀನು. ಅಲ್ಲಿ ನೀವು ಸುಳ್ಳು ಹೇಳಿರಬೇಕು ಅಂತಲೂ ಇಲ್ಲ. ಪೂರ್ತಿ ಸತ್ಯವಂತರಾಗಿದ್ದರೂ ಕಟ್ಟಬೇಕು.

ಕರಾರು ಕಾಯ್ದೆಯಲ್ಲಿ ನಾಲ್ಕು ವಿಷಯ ನೆನಪಿಡಿ.

- ಸೆಕ್ಷನ್ 126: ಜಾಮೀನು ಬರಹದಲ್ಲೇ ಇರಬೇಕು ಅಂತಿಲ್ಲ, ಬಾಯಿ ಮಾತಿನಲ್ಲೂ ಆಗುತ್ತೆ.
- ಸೆಕ್ಷನ್ 128: ಬೇರೆ ಒಪ್ಪಂದ ಇಲ್ಲದಿದ್ದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ. "ಮೊದಲು ಅವನನ್ನು ಕೇಳಿ, ಆಮೇಲೆ ನನ್ನ ಹತ್ರ ಬನ್ನಿ" ಅನ್ನೋದು ಸಾಮಾನ್ಯವಾಗಿ ನಡೆಯಲ್ಲ.
- ಸೆಕ್ಷನ್ 130: ಗೊಬ್ಬರದ ಅಂಗಡಿಯ ಸೀಸನ್ ಖಾತೆಯಂಥ ಮುಂದುವರಿಯುವ ಜಾಮೀನನ್ನು, ಅಂಗಡಿಯವರಿಗೆ ನೋಟಿಸ್ ಕೊಟ್ಟು ಮುಂದಿನ ವ್ಯವಹಾರಕ್ಕೆ ನಿಲ್ಲಿಸಬಹುದು. ಆವರೆಗಿನ ಬಾಕಿಗೆ ಹೊಣೆ ತಪ್ಪಲ್ಲ.
- ಸೆಕ್ಷನ್ 145: ಜಾಮೀನುದಾರರಾಗಿ ನೀವು ನ್ಯಾಯವಾಗಿ ಕಟ್ಟಿದ ದುಡ್ಡನ್ನು ಸಾಲಗಾರನಿಂದ ವಸೂಲು ಮಾಡೋ ಹಕ್ಕು ನಿಮಗಿದೆ.

ಹಾಗಾಗಿ ಅಂಗಡಿ ಮುಂದೆ ನಿಂತು ಧೈರ್ಯವಾಗಿ "ನಾನಿದೀನಿ ಕೊಡಿ ಸಾರ್" ಅನ್ನೋ ಮುಂಚೆ, ಆ ಬಿಲ್ ನಿಮ್ಮ ಹೆಸರಿಗೆ ಬಂದರೆ ಕಟ್ಟೋ ಶಕ್ತಿ ಇದೆಯಾ ನೋಡಿಕೊಳ್ಳಿ.

ಹಾಗಾದ್ರೆ ಕೆಟ್ಟದ್ದು ಹೇಳಿದ್ರೆ ಮಾನನಷ್ಟ ಆಗಲ್ವಾ?

ಇದು ತುಂಬ ಜನ ಕೇಳೋ ಪ್ರಶ್ನೆ. "ದುಡ್ಡು ಕೊಟ್ಟಿಲ್ಲ ಅಂತ ಹೇಳಿದ್ರೆ ಅವರು ನನ್ನ ಮೇಲೇ ಕೇಸ್ ಹಾಕ್ತಾರೆ" ಅಂತ ಹೆದರಿ ಸುಳ್ಳೇ ಒಳ್ಳೆ ಮಾತು ಹೇಳಿಬಿಡ್ತೀವಿ.

ನ್ಯಾಯ ಸಂಹಿತೆಯ ಸೆಕ್ಷನ್ 356 ಮಾನನಷ್ಟದ್ದು. ಅದರಲ್ಲಿ ವಿನಾಯಿತಿಗಳೂ ಇವೆ. ತನ್ನ ಅಥವಾ ಬೇರೆಯವರ ಹಿತ ಕಾಪಾಡಲು ಸದ್ಭಾವನೆಯಿಂದ ಹೇಳಿದ ಮಾತು ಮಾನನಷ್ಟ ಅಲ್ಲ. ಕಾನೂನೇ ಕೊಡುವ ಉದಾಹರಣೆ ನೋಡಿ: ಅಂಗಡಿ ಮಾಲೀಕ ತನ್ನ ವ್ಯವಹಾರ ನೋಡಿಕೊಳ್ಳೋ ಮನುಷ್ಯನಿಗೆ, ಇಂಥವನಿಗೆ ನಗದು ಕೊಡದೆ ಏನೂ ಮಾರಬೇಡ, ಅವನ ಪ್ರಾಮಾಣಿಕತೆ ಮೇಲೆ ನನಗೆ ನಂಬಿಕೆ ಇಲ್ಲ ಅಂತಾನೆ. ತನ್ನ ಹಿತಕ್ಕಾಗಿ ಸದ್ಭಾವನೆಯಿಂದ ಹೇಳಿದ್ದರೆ ಅದಕ್ಕೆ ರಕ್ಷಣೆ ಇದೆ.

ಆದರೆ ಸದ್ಭಾವನೆ ಅನ್ನೋದು ಗಮನ ಇಟ್ಟು, ವಿಚಾರಿಸಿ ಹೇಳಿದ ಮಾತಿಗೆ ಮಾತ್ರ. ಕೇಳಿದವರಿಗೆ ಖಾಸಗಿಯಾಗಿ "ನನಗೆ ಇಷ್ಟು ಬಾಕಿ ಇದೆ, ಇಷ್ಟು ದಿನ ಆಯ್ತು" ಅನ್ನೋದು ಒಂದು. ಐನೂರು ಜನರ ಗ್ರೂಪ್‌ನಲ್ಲಿ ಫೋಟೋ ಹಾಕಿ "ಕಳ್ಳ, ಇವನನ್ನು ನಂಬಬೇಡಿ" ಅನ್ನೋದು ಇನ್ನೊಂದು. ಮೊದಲನೆಯದನ್ನು ಮಾಡಿ. ಎರಡನೆಯದು ಬೇಡ, ಎಷ್ಟೇ ಸಿಟ್ಟಿದ್ದರೂ.

ಹೇಗೆ ಉತ್ತರ ಕೊಡಬೇಕು?

ಅಭಿಪ್ರಾಯ ಬಿಟ್ಟು ಅನುಭವ ಹೇಳಿ. ತಾರೀಖು, ಮೊತ್ತ, ನಿಮಗೆ ಗೊತ್ತಿರೋದರ ಮಿತಿ, ಈ ಮೂರು ಇದ್ದರೆ ಸಾಕು. ನಾನು ಈಗ ಹೀಗೆ ಟೈಪ್ ಮಾಡ್ತೀನಿ.

*ಅನುಭವ ಚೆನ್ನಾಗಿದ್ದರೆ:* "ಜನವರಿಯಿಂದ ನಾಲ್ಕು ಸಲ ಮಾಲು ಕೊಟ್ಟಿದೀನಿ. ನಾಲ್ಕೂ ಸಲ ಹತ್ತು ದಿನದ ಒಳಗೆ ದುಡ್ಡು ಬಂತು. ಇವತ್ತಿಗೆ ನನಗೆ ಬಾಕಿ ಇಲ್ಲ. ಅವರ ಬೇರೆ ವ್ಯವಹಾರ ನನಗೆ ಗೊತ್ತಿಲ್ಲ. ನೀವೂ ವಿಚಾರಿಸಿ ತೀರ್ಮಾನ ಮಾಡಿ, ನಾನು ಜಾಮೀನಲ್ಲ."

*ಬಾಕಿ ಇದ್ದರೆ:* "ಮೊದಲು ಸರಿಯಾಗಿ ಕೊಡ್ತಿದ್ರು. ಈಗ ಎರಡು ತಿಂಗಳಿಂದ ನನಗೆ ಸ್ವಲ್ಪ ಬಾಕಿ ಇದೆ. ಕಾರಣ ನನಗೆ ಗೊತ್ತಿಲ್ಲ. ಈ ಮಾತು ನಿಮ್ಮ ತಿಳುವಳಿಕೆಗೆ ಮಾತ್ರ."

*ಹೇಳೋಕೆ ಇಷ್ಟ ಇಲ್ಲದಿದ್ದರೆ:* "ಈ ವಿಷಯದಲ್ಲಿ ನಾನೇನೂ ಹೇಳಲ್ಲ, ನೀವೇ ವಿಚಾರಿಸಿಕೊಳ್ಳಿ." ಉತ್ತರ ಕೊಡಲೇಬೇಕು ಅಂತ ಯಾವ ಬಲವಂತವೂ ಇಲ್ಲ.

ಇನ್ನೂ ಕೆಲವು ಅಭ್ಯಾಸ ಬೆಳೆಸಿಕೊಳ್ಳಿ:

- ಬೇರೆಯವರು ಹೇಳಿದ್ದನ್ನು ನಿಮ್ಮ ಅನುಭವ ಅಂತ ಫಾರ್ವರ್ಡ್ ಮಾಡಬೇಡಿ. "ಅವರು ಹೀಗಂದ್ರು" ಅಂತ ಹೇಳಿ.
- ನಿಮಗೆ ಕಮಿಷನ್, ನೆಂಟಸ್ತಿಕೆ ಅಥವಾ ಬಾಕಿ ಇದ್ದರೆ ಮೊದಲೇ ತಿಳಿಸಿ.
- ರೈತರ ಕಂಪನಿಯ ಲೆಟರ್‌ಹೆಡ್‌ನಲ್ಲಿ ಪತ್ರ ಕೊಡೋದಾದರೆ ಲೆಕ್ಕದ ಪುಸ್ತಕ ನೋಡಿ, ಬೋರ್ಡ್‌ಗೆ ತಿಳಿಸಿ, ಯಾವ ದಿನಾಂಕದವರೆಗಿನ ಮಾಹಿತಿ ಅಂತ ಬರೆದು, ಒಂದು ಪ್ರತಿ ಇಟ್ಟುಕೊಳ್ಳಿ.
- ಸ್ನೇಹಿತನಿಗೆ ಸಾಲ ಬೇಕಾದರೆ ಅವನ ಕ್ರೆಡಿಟ್ ರಿಪೋರ್ಟನ್ನು ಅವನೇ ತೋರಿಸಲಿ. ಪ್ರತಿ ಕ್ರೆಡಿಟ್ ಮಾಹಿತಿ ಕಂಪನಿಯಿಂದ ವರ್ಷಕ್ಕೆ ಒಂದು ಪೂರ್ಣ ರಿಪೋರ್ಟ್ ಉಚಿತವಾಗಿ ಪಡೆಯಬಹುದು.

ಮಾಲು ಕೊಡುವವರು ನೀವಾದರೆ, ಒಬ್ಬರ ಮಾತಿನ ಮೇಲೆ ಪೂರ್ತಿ ತೋಟ ಕಟಾವು ಮಾಡಿಸಬೇಡಿ. ಮಂಡಿ ಲೈಸೆನ್ಸ್ ಕೇಳಿ, ಜಿಎಸ್‌ಟಿ ನಂಬರ್ ಇದ್ದರೆ ಅದು ಚಾಲ್ತಿಯಲ್ಲಿದೆಯಾ ಅಂತ ಜಿಎಸ್‌ಟಿ ಪೋರ್ಟಲ್‌ನಲ್ಲಿ ನೋಡಿ, ಮೊದಲ ಲೋಡ್ ನಗದಿಗೆ ಕೊಡಿ. ಶಿಫಾರಸು ಮಾಡಿದವರನ್ನು ನೇರವಾಗಿ ಕೇಳಿ: "ಇವತ್ತಿಗೆ ನಿಮಗೆ ಅವರಿಂದ ಬಾಕಿ ಇದೆಯಾ?"

ಈಗಾಗಲೇ ತಪ್ಪು ಹೇಳಿಬಿಟ್ಟಿದ್ದರೆ

ಮಾಲು ಹೋಗೋ ಮುಂಚೆ ಗೊತ್ತಾದರೆ ತಕ್ಷಣ ಫೋನ್ ಮಾಡಿ, ಆಮೇಲೆ ಅದೇ ಚಾಟ್‌ನಲ್ಲಿ ಬರೆದೂ ಹಾಕಿ: "ನಾನು ಮೊನ್ನೆ ಹೇಳಿದ್ದು ಸರಿ ಇರಲಿಲ್ಲ, ಸಂಗತಿ ಹೀಗಿದೆ." ಹೇಳಿದಾಗ ನಿಜ ಇದ್ದು ಆಮೇಲೆ ಪರಿಸ್ಥಿತಿ ಬದಲಾಗಿದ್ದರೂ ತಿಳಿಸೋದು ಒಳ್ಳೇದು. ಹಳೇ ಮೆಸೇಜ್ ಡಿಲೀಟ್ ಮಾಡಬೇಡಿ. ಅದು ಅವರ ಫೋನಿನಲ್ಲಿ ಉಳಿದಿರಬಹುದು, ಮೇಲಾಗಿ ಮುಚ್ಚಿಡೋಕೆ ನೋಡಿದ ಹಾಗೆ ಕಾಣುತ್ತೆ.

ನೋಟಿಸ್ ಬಂದರೆ ನೀವೇ ಉತ್ತರ ಬರೆಯೋಕೆ ಹೋಗಬೇಡಿ, ವಕೀಲರ ಹತ್ತಿರ ಹೋಗಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಆದಾಯ ಮಿತಿಯೊಳಗಿನವರಿಗೆ ಉಚಿತ ನೆರವು ಸಿಗುತ್ತೆ. ಸಹಾಯವಾಣಿ 15100. ಪ್ರತಿ ಪ್ರಕರಣದ ವಿವರ ಬೇರೆ ಬೇರೆ ಇರುತ್ತೆ, ಹಾಗಾಗಿ ಈ ಲೇಖನವನ್ನೇ ವಕೀಲರ ಸಲಹೆ ಅಂತ ತಗೋಬೇಡಿ.

ಆ ಹುಡುಗ ನನ್ನ ಮೇಲೆ ಕೇಸ್ ಹಾಕಲಿಲ್ಲ. ಅವನ ಪ್ರಶ್ನೆಗೆ ನಾನು "ಹೌದು, ಇತ್ತು" ಅಂತ ಹೇಳಿದೆ. ಮುಂದಿನ ಎರಡು ಕಟಾವಿನಲ್ಲಿ 32 ಸಾವಿರ ಅವನಿಗೆ ಕೊಟ್ಟೆ. ಅರ್ಧ ಅಂತ ಅವನೇ ಹೇಳಿದ್ದು. ನನ್ನ 38 ಸಾವಿರ ಇವತ್ತಿಗೂ ಬಂದಿಲ್ಲ. ಈಗಲೂ ಅವನು ಹೊಸ ಪಾರ್ಟಿ ಬಂದಾಗ ನನಗೆ ಮೆಸೇಜ್ ಹಾಕ್ತಾನೆ. ಆದರೆ "ಹೆಂಗೆ ಅಣ್ಣಾ?" ಅಂತ ಕೇಳಲ್ಲ. "ಕೊನೇ ಪೇಮೆಂಟ್ ಯಾವತ್ತು ಬಂತು, ಈಗ ಎಷ್ಟು ಬಾಕಿ?" ಅಂತ ಕೇಳ್ತಾನೆ. ನಾನು ಡೈರಿ ತೆಗೆದು ನೋಡಿ ಹೇಳ್ತೀನಿ.